ಬೇನೆಗೆ ಒಂದು ಹೆಬ್ಬೆರಳು

ಹೆರಿಗೆ ಬೇನೆಯ ಬಗ್ಗೆ ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಏನು ಬರೆಯೋದು ಅಂತ ಮೂಗು ಮುರಿಯುವ ಮಿತ್ರರಿದ್ದಾರೆ. ತಾಯ್ತನವನ್ನು ಹಾಡಿ ಹೊಗಳುವ ಕವನಗಳನ್ನು ಪ್ರತಿ ಸಂಚಿಕೆಗೂ ತಂದುಕೊಡುವವರು ಇವರೇ! ಇರಲಿ.

ಆಕ್ಯುಪ್ರೆಷರ್ ಎಂದರೆ ಸೂಜಿಯಿಲ್ಲದ ಚೀನೀ ಚಿಕಿತ್ಸೆ. ಕಾಲಿನ ಒಳಮಗ್ಗುಲ ಹರಡಿನ ಗಂಟಿನಿಂದ ನಾಲ್ಕು ಬೆರಳು ಮೇಲೆ, ಎಲುಬಿನ ಹಿಂದೆ ಒಂದು ಬಿಂದು. ಹೆಬ್ಬೆರಳು-ತೋರುಬೆರಳುಗಳ ನಡುವೆ ಇನ್ನೊಂದು. ಬೇನೆ ಬಂದಾಗ ಒತ್ತಿ ಹಿಡಿಯುವುದು, ಇಳಿದಾಗ ಬಿಡುವುದು. ಪ್ರಾಣಶಕ್ತಿ ಯಾವುದೋ ನಾಳಗಳಲ್ಲಿ ಹರಿಯುತ್ತದೆ ಎಂಬ ವಿವರಣೆ ನನಗಂತೂ ಗಂಟಲಲ್ಲಿ ಇಳಿಯೋದಿಲ್ಲ. ಆದರೆ 1965ರಲ್ಲಿ ಮೆಲ್ಝಾಕ್ ಮತ್ತು ವಾಲ್ ಮಂಡಿಸಿದ ಸಿದ್ಧಾಂತದಂತೆ ಬೆನ್ನುಹುರಿಯಲ್ಲಿ ನೋವಿಗೊಂದು ಬಾಗಿಲಿದೆ. ಸ್ಪರ್ಶ, ಒತ್ತಡಗಳ ಸಂದೇಶ ಅದನ್ನು ಅರ್ಧ ಮುಚ್ಚಬಲ್ಲದು. ಪೆಟ್ಟು ಬಿದ್ದ ಮೊಣಕಾಲನ್ನು ತಿಕ್ಕಿಕೊಳ್ಳುತ್ತೇವಲ್ಲ, ಹಾಗೆ.

ಪುರಾವೆ? ಆಕ್ಯುಪಂಕ್ಚರನ್ನೂ ಸೇರಿಸಿ 28 ಪ್ರಯೋಗಗಳನ್ನು, 3,960 ಹೆಂಗಸರನ್ನು ಒಳಗೊಂಡ ಕಾಕ್ರೇನ್ ಸಮೀಕ್ಷೆ 2020ರಲ್ಲಿ ಬಂತು. ಒತ್ತಿದರೆ ನೋವು ತುಸು ತಗ್ಗಬಹುದು, ಆದರೆ ಪುರಾವೆ ಗಟ್ಟಿಯಲ್ಲ ಎನ್ನುತ್ತದೆ ಅದು. ಹೆರುವವಳಿಗೆ ತುಸುವೂ ದೊಡ್ಡದೇ. ಮಾರುವವರ ಬಾಯಲ್ಲಿ ಮಾತ್ರ ಅದು 'ನೋವಿಲ್ಲದ ಹೆರಿಗೆ' ಆಗಿಬಿಡುತ್ತೆ. ಅದಕ್ಕಿಂತ ದೊಡ್ಡ ಮೋಸವೆಂದರೆ, ಎಪಿಡ್ಯೂರಲ್ ಬೇಕು ಅಂದವಳಿಗೆ 'ಕಾಲು ಒತ್ತಿಸಿಕೋ, ಸಾಕು' ಅನ್ನೋದು.

ಬಿಂದುವಿಗಿಂತ ಒತ್ತುವ ಕೈಯೇ ನನಗೆ ಮುಖ್ಯವಾಗಿ ಕಾಣುತ್ತೆ. ಗಂಟೆಗಟ್ಟಲೆ ಪಕ್ಕದಲ್ಲಿ ಕೂರುವವರು ಯಾರು? ಒಬ್ಬ ನರ್ಸು ನಾಲ್ಕು ಮಂಚ ನೋಡುವ ವಾರ್ಡಿನಲ್ಲಿ ಅದು ಆಗದ ಮಾತು. ನಮ್ಮ ಕಡೆಯ ಸೂಲಗಿತ್ತಿ ಹರಳೆಣ್ಣೆ ಹಚ್ಚಿ ಸೊಂಟ ನೀವುತ್ತಿದ್ದಳು. ಬಿಂದುಗಿಂದು ಗೊತ್ತಿಲ್ಲದಿದ್ದರೂ ನಡುವೆ ಎದ್ದುಹೋಗುತ್ತಿರಲಿಲ್ಲ. ಮನೆಯಲ್ಲೇ ಹೆರಿಗೆಯಾಗಲಿ ಅನ್ನೋ ಹುಚ್ಚು ನನಗಿಲ್ಲ, ಆಸ್ಪತ್ರೆ ಎಷ್ಟೋ ಜೀವ ಉಳಿಸಿದೆ. ಆದರೆ ಎಷ್ಟೋ ಕಡೆ ಅದು ಅವ್ವನನ್ನು ಬಾಗಿಲಲ್ಲೇ ನಿಲ್ಲಿಸಿಬಿಟ್ಟಿತು. ಕೇಂದ್ರ ಸರ್ಕಾರ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಜೊತೆಗಾತಿಯನ್ನು ಬಿಡಲು ಅನುಮತಿ ಕೊಟ್ಟಿತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜೊತೆಗಾರರನ್ನೂ ಮೈ ನೀವುವುದನ್ನೂ ಶಿಫಾರಸು ಮಾಡಿತು. ಕಾಗದದ ಮೇಲೆ ಎಲ್ಲ ಇದೆ.

ನಿಮ್ಮ ಅಕ್ಕನನ್ನೋ ಅತ್ತಿಗೆಯನ್ನೋ ಆಸ್ಪತ್ರೆಗೆ ಸೇರಿಸುವ ಮೊದಲೇ ಕೇಳಿ: ಒಳಗೆ ಒಬ್ಬರನ್ನು ಬಿಡ್ತೀರಾ, ನೋವಿನ ಮದ್ದು ಬೇಕೆಂದರೆ ಸಿಗುತ್ತಾ? ಇಲ್ಲಿ ಮುಂಬಯಿಯಲ್ಲಿ ಅದನ್ನು ಮರಾಠಿಯಲ್ಲೋ ಹಿಂದಿಯಲ್ಲೋ ಕೇಳಬೇಕಾದೀತು. ಬಾಣಂತನಕ್ಕೆಂದು ಊರಿಂದ ಬಂದ ಅವ್ವನಿಗೆ ಆ ಭಾಷೆ ಬಾರದು, ನೀವೇ ಕೇಳಬೇಕು.