ದತ್ತಾಂಶಕ್ಕೂ ಒಡೆಯನುಂಟು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ರೈತಮಕ್ಕಳು ಇಂದು ಮೈಸೂರು, ಬೆಂಗಳೂರುಗಳ ಸಲಹಾ ಸಂಸ್ಥೆಗಳಲ್ಲಿ ದತ್ತಾಂಶ ಇಂಜಿನಿಯರುಗಳಾಗಿ ದುಡಿಯುತ್ತಿದ್ದಾರೆ. ತಂಡಗಳ ನಾಯಕರೂ ಆಗುತ್ತಿದ್ದಾರೆ. ಚದುರಿದ ಮಾಹಿತಿಯನ್ನು ಕೂಡಿಸಿ, ಶುದ್ಧಗೊಳಿಸಿ, ಗ್ರಾಹಕನ ಉಪಯೋಗಕ್ಕೆ ಒದಗಿಸುವುದು ಅವರ ವೃತ್ತಿ. ಆ ನಾಯಕತ್ವದ ಮೊದಲ ಧರ್ಮ ಯಾವುದು? ಒಪ್ಪಿದ ದಿನಕ್ಕೆ ಕೆಲಸ ಮುಗಿಸುವುದೆಂದು ಹಲವರ ಅಭಿಪ್ರಾಯ. ಅದು ಅರ್ಧಸತ್ಯ ಮಾತ್ರ.

2000ನೆಯ ಇಸವಿಯ ಆಸುಪಾಸಿನಲ್ಲಿ ಜಾರಿಗೆ ಬಂದ ‘ಭೂಮಿ’ ಯೋಜನೆಯನ್ನೇ ನೋಡಬಹುದು. ಈ ನಾಲ್ಕೂ ಸೇರಿ ರಾಜ್ಯದ 177 ತಾಲ್ಲೂಕುಗಳಲ್ಲಿ, ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳು ಕೈಬರಹದಿಂದ ಗಣಕಯಂತ್ರಕ್ಕೆ ಏರಿದವು. ನಮೂದಿಸಿದವರು ಖಾಸಗಿ ಸಂಸ್ಥೆಗಳವರು. ಮೂಲದೊಡನೆ ತಾಳೆ ನೋಡಿದವರು ಅಂದಿನ ಗ್ರಾಮಲೆಕ್ಕಿಗರು. ಆ ಎರಡನೆಯ ಕೆಲಸವೇ ಮೊದಲನೆಯದಕ್ಕೆ ಬೆಲೆ ತಂದುಕೊಟ್ಟಿತು. ಒಂದು ಗುಂಟೆ, ಹೆಸರಿನ ಒಂದಕ್ಷರ ತಪ್ಪಿದರೆ ಯಂತ್ರಕ್ಕೆ ನೋವಿಲ್ಲ. ರೈತನಿಗೆ ಬೆಳೆಸಾಲ ತಪ್ಪೀತು, ಅಣ್ಣತಮ್ಮಂದಿರು ನ್ಯಾಯಾಲಯದ ಮೆಟ್ಟಿಲು ಹತ್ತಿಯಾರು.

ಆದುದರಿಂದ ನಾಯಕನಾದವನು ಮೂಲವನ್ನು ಬಲ್ಲವರನ್ನು ವಿಚಾರಿಸದೆ ಮುಂದುವರಿಯಬಾರದು. ದೋಷವನ್ನು ತೋರಿಸಿದ ಕಿರಿಯನನ್ನು ಗದರದೆ ಆದರಿಸಬೇಕು. ಪರಿಶೀಲನೆ ಮುಗಿಯದಿದ್ದರೆ ಗ್ರಾಹಕನೆದುರು “ಇನ್ನೂ ಆಗಿಲ್ಲ” ಎನ್ನುವ ಎದೆಗಾರಿಕೆ ಬೇಕು. ತಂಡದ ತಪ್ಪನ್ನು ತನ್ನದೆಂದು ಒಪ್ಪುವ ದೊಡ್ಡತನವೂ ಬೇಕು.

ಮುಗಿಸಿದ ಲೆಕ್ಕವನ್ನು ಮತ್ತೊಮ್ಮೆ ತಾಳೆ ನೋಡುವ ಅಭ್ಯಾಸ ಶಾಲೆಯಲ್ಲಿಯೇ ಮೊಳೆಯತಕ್ಕದ್ದು. ದಾನಿಗಳು ಗಣಕಯಂತ್ರಗಳನ್ನು ಕೊಡಬಲ್ಲರು. ಈ ಅಭ್ಯಾಸವನ್ನು ಕೊಡಬೇಕಾದವರು ಅಧ್ಯಾಪಕರೇ.