ಐರಿಶ್ ಅಜ್ಜಿಯ ಬ್ರೆಡ್ ತೋರಿಸಿ ನಮ್ಮ ಹೆಂಗಸರನ್ನು ಬೈಯಬೇಡಿ

ನಮ್ಮೂರ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೋ ಬಂದಿದೆ. ಐರ್ಲೆಂಡಿನ ಹಳ್ಳಿಮನೆಯಲ್ಲಿ ಅಜ್ಜಿಯೊಬ್ಬರು ಸೋಡಾ ಬ್ರೆಡ್ ಮಾಡುತ್ತಿದ್ದಾರೆ. ಕೆಳಗೆ ಯಾರೋ ಕನ್ನಡದಲ್ಲಿ ಬರೆದಿದ್ದಾರೆ: 'ಅಲ್ಲಿ ಸಾವಿರಾರು ವರ್ಷದ ಸಂಪ್ರದಾಯ ಉಳಿದಿದೆ. ನಮ್ಮ ಹೆಂಗಸರಿಗೆ ರೊಟ್ಟಿ ತಟ್ಟಲೂ ಸೋಮಾರಿತನ.' ಹಂಚಿದವರೆಲ್ಲ ಗಂಡಸರೇ.

ಸಾವಿರ ವರ್ಷ ಎಲ್ಲಿಂದ ಬಂತು? ಆ ಬ್ರೆಡ್ಡಿಗೆ ಬೇಕಾದದ್ದು ಗೋಧಿ ಹಿಟ್ಟು, ಉಪ್ಪು, ಹುಳಿ ಮಜ್ಜಿಗೆ, ಅಡುಗೆ ಸೋಡಾ. ಸೋಡಾ ಅಲ್ಲಿನ ಅಡುಗೆಮನೆ ಸೇರಿದ್ದೇ 19ನೇ ಶತಮಾನದಲ್ಲಿ. ಅದೂ ಅಂಗಡಿಯಿಂದ ಕೊಂಡು ತಂದದ್ದು. ಅಲ್ಲಿನ ತಂಪು ಹವೆ, ಬಿಡದ ಮಳೆಯಲ್ಲಿ ಬೆಳೆಯುವ ಗೋಧಿಯ ಹಿಟ್ಟಿಗೆ ಅಂಟು ಕಡಿಮೆ, ಯೀಸ್ಟ್ ಹಾಕಿದರೆ ಸರಿಯಾಗಿ ಉಬ್ಬುವುದಿಲ್ಲ. ಆದರೆ ಬೆಣ್ಣೆ ಕಡೆದು ಉಳಿದ ಮಜ್ಜಿಗೆಯ ಹುಳಿ ಸೋಡಾಕ್ಕೆ ತಾಗಿದರೆ ಸಾಕು, ಗುಳ್ಳೆ ಎದ್ದು ಹಿಟ್ಟು ತಾನೇ ಉಬ್ಬುತ್ತದೆ. ನಾದುವುದಿಲ್ಲ, ಗಂಟೆಗಟ್ಟಲೆ ಕಾಯುವುದಿಲ್ಲ. ಹೊತ್ತು ಉಳಿಸಲು ಆ ಹೆಂಗಸರು ಹಿಡಿದ ಸುಲಭದ ದಾರಿ ಅದು. ನಮ್ಮ ಮನೆಗೆ ಮಿಕ್ಸಿ ಬಂದ ಹಾಗೆ.

ಬೇಯಿಸುವುದು ಮಾತ್ರ ಸುಲಭವಿರಲಿಲ್ಲ. ಓವನ್ ಇಲ್ಲದ ಮನೆಗಳಲ್ಲಿ ಬ್ಯಾಸ್ಟಿಬಲ್ ಎಂಬ ಪಾತ್ರೆ ಇತ್ತು. ಮೂರು ಕಾಲು, ಎರಕದ ಕಬ್ಬಿಣ, ಮೇಲೊಂದು ಮುಚ್ಚಳ. ಜೌಗು ನೆಲದಿಂದ ಕಡಿದು ಒಣಗಿಸಿದ ಹೆಂಟೆಗಳೇ ಉರುವಲು, ಅದಕ್ಕೆ ಅವರು ಟರ್ಫ್ ಅನ್ನುತ್ತಾರೆ. ಆ ಬೆಂಕಿಯ ಮೇಲೆ ಪಾತ್ರೆ ತೂಗುಹಾಕಿ, ಮುಚ್ಚಳದ ಮೇಲೂ ಕೆಂಡ ಹರಡಬೇಕು. ಭಾರ ಎತ್ತಬೇಕು, ಹೊಗೆ ಕುಡಿಯಬೇಕು, ಸೊಂಟ ಬಗ್ಗಿಸಿಯೇ ಇರಬೇಕು. ಐರ್ಲೆಂಡಿನ ಹಳ್ಳಿಗಳಿಗೆ ಕರೆಂಟ್ ಕೊಡುವ ಸರ್ಕಾರಿ ಯೋಜನೆ ಶುರುವಾದದ್ದು 1946ರಲ್ಲಿ. ಕರೆಂಟ್ ಒಲೆ ಬಂದ ಮೇಲೆ ಬ್ಯಾಸ್ಟಿಬಲ್ ಮೂಲೆ ಸೇರಿತು. ಆ ಹೆಂಗಸರೂ ಸೋಮಾರಿಗಳೇನು? ವಿಡಿಯೋ ಇನ್ನೊಮ್ಮೆ ನೋಡಿ. ಅಜ್ಜಿ ಬೇಯಿಸುತ್ತಿರುವುದೂ ಕರೆಂಟ್ ಓವನ್ನಿನಲ್ಲೇ!

ಅಂಗಡಿ ಬ್ರೆಡ್ಡೇ ತಿನ್ನಿ ಅಂತ ನಾನು ಹೇಳುತ್ತಿಲ್ಲ. 2020ರಲ್ಲಿ ಐರ್ಲೆಂಡಿನ ಸುಪ್ರೀಂ ಕೋರ್ಟ್, ಸಬ್‌ವೇ ಸ್ಯಾಂಡ್‌ವಿಚ್ಚಿನ ಬ್ರೆಡ್ ತೆರಿಗೆ ಲೆಕ್ಕದಲ್ಲಿ ಬ್ರೆಡ್ಡೇ ಅಲ್ಲ ಎಂದಿತು. ಸಕ್ಕರೆ ಹಿಟ್ಟಿನ ತೂಕದ ಶೇ 2 ಮೀರಬಾರದಿತ್ತು, ಅದರಲ್ಲಿ ಶೇ 10 ಇತ್ತು. ಮನೆಯದೇ ಬೇಕು ಅನ್ನುವುದಕ್ಕೆ ಕಾರಣವಿದೆ. ಬೇಕು ಅನ್ನುವವರು ಕೈಗೆ ಹಿಟ್ಟು ಹಚ್ಚಿಕೊಳ್ಳಲಿ ಅಷ್ಟೇ. ಸೋಡಾ ಬ್ರೆಡ್ ಮುಕ್ಕಾಲು ಗಂಟೆಯಲ್ಲಿ ಬೇಯುತ್ತದೆ.

'ನೀವೇ ಮಾಡಿ ಫೋಟೋ ಹಾಕಿ ಅಣ್ಣಾ' ಅಂತ ಗ್ರೂಪಿನಲ್ಲಿ ಬರೆದೆ. ವಾರವಾಯಿತು, ರೊಟ್ಟಿಯ ಫೋಟೋ ಕೂಡ ಒಂದೂ ಬಂದಿಲ್ಲ.