ಇನ್ನೊಂದು ಚಾನ್ಸು ಯಾರಿಗೆ?



2025ರ ಸೆಪ್ಟೆಂಬರಿನಲ್ಲಿ ವೆಸ್ಟ್ ಇಂಡೀಸ್ ಎದುರಿನ ಟೆಸ್ಟ್ ತಂಡ ಪ್ರಕಟವಾದ ರಾತ್ರಿ ನಮ್ಮ ಹಾಸ್ಟೆಲಿನ ಊಟದ ಹಾಲಿನಲ್ಲಿ ಮುದ್ದೆ ತಣ್ಣಗಾದವು. ಸಾರಿನ ಮೇಲಿನ ಸಿಟ್ಟಲ್ಲ, ಅದು ದಿನಾ ಇದ್ದದ್ದೇ. ಪಟ್ಟಿಯಲ್ಲಿ ಕರುಣ್ ನಾಯರ್ ಹೆಸರಿರಲಿಲ್ಲ. ಒಂದು ಸಾಲಿನವರು ಇದು ಅನ್ಯಾಯ ಅಂದರು. ಎದುರು ಸಾಲಿನವರು, ನಾಲ್ಕು ಟೆಸ್ಟ್ ಕೊಟ್ಟರಲ್ಲ, ಇನ್ನೇನು ಜಮೀನು ಬರೆದುಕೊಡಬೇಕಿತ್ತಾ ಅಂದರು. ತಟ್ಟೆ ಬಡಿಯುವವರೆಗೆ ಹೋಯಿತು. ಕೊನೆಗೆ ಅಡಿಗೆಯವರು ಬಂದು ಲೈಟು ಆರಿಸಿದರು.

ಆ ಜಗಳ ಇನ್ನೂ ಮುಗಿದಿಲ್ಲ. ಅದಕ್ಕೇ ಬರೆಯುತ್ತಿದ್ದೇವೆ. ಕ್ರಿಕೆಟ್ಟು ನಮ್ಮಂಥವರ ಪತ್ರಿಕೆಗೆ ತಕ್ಕ ವಿಷಯವೇ ಎಂದು ಕೆಲವರು ಕೇಳುತ್ತಾರೆ. ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಮೊದಲು ಸಿಗುವವರೂ ಅವರೇ.

ಮೊದಲು ಒಂದು ಮಾತು. ಕರುಣನನ್ನು ಬಿಟ್ಟರು, ಕರ್ನಾಟಕಕ್ಕೆ ದ್ರೋಹ ಮಾಡಿದರು ಎಂಬ ಕೂಗನ್ನು ನಾವು ಒಪ್ಪುವುದಿಲ್ಲ. ಅದೇ ಪಟ್ಟಿಯಲ್ಲಿ ದೇವದತ್ತ ಪಡಿಕ್ಕಲ್ ಇದ್ದ. ಅವನೂ ಕರ್ನಾಟಕದವನೇ. ರಾಜ್ಯದ ಲೆಕ್ಕ ಬಿಡಿ. ರನ್ನಿನ ಲೆಕ್ಕಕ್ಕೆ ಬನ್ನಿ.

2016ರ ನವೆಂಬರಿನಲ್ಲಿ ಕರುಣ್ ಟೆಸ್ಟಿಗೆ ಬಂದ. ಮೊದಲ ಎರಡು ಇನ್ನಿಂಗ್ಸಿನಲ್ಲಿ 4 ಮತ್ತು 13. ಮೂರನೆಯದರಲ್ಲಿ, ಡಿಸೆಂಬರಿನಲ್ಲಿ, ಚೆನ್ನೈಯಲ್ಲಿ ಇಂಗ್ಲೆಂಡಿನ ಎದುರು ಔಟಾಗದೆ 303. ಟೆಸ್ಟಿನಲ್ಲಿ ಮುನ್ನೂರು ಹೊಡೆದ ಎರಡನೆಯ ಭಾರತೀಯ ಅವನು. ಮೊದಲನೆಯವನು ಸೆಹ್ವಾಗ್. ಅದರ ಮುಂದಿನ ಟೆಸ್ಟು 2017ರ ಫೆಬ್ರವರಿಯಲ್ಲಿ ಹೈದರಾಬಾದಿನಲ್ಲಿ, ಬಾಂಗ್ಲಾದೇಶದ ಎದುರು. ಮುನ್ನೂರು ಹೊಡೆದವನು ಹೊರಗೆ! ಗಾಯದಿಂದ ಚೇತರಿಸಿಕೊಂಡ ರಹಾನೆ ಒಳಗೆ. ಎರಡು ವರ್ಷ ದುಡಿದವನ ಜಾಗವನ್ನು ಇನ್ನೊಬ್ಬನ ಒಂದು ಆಟ ಕಿತ್ತುಕೊಳ್ಳಬಾರದು ಎಂಬುದು ಆಗ ನಾಯಕ ಕೊಹ್ಲಿ ಕೊಟ್ಟ ಕಾರಣ.

ನ್ಯಾಯವಾದ ಮಾತೇ. ಒಪ್ಪೋಣ. ಆದರೆ ಒಪ್ಪಿದ ಮೇಲೆ ಕರುಣನಿಗೂ ಅದೇ ಮಾತು ಸಲ್ಲಬೇಕಲ್ಲ? ಆಸ್ಟ್ರೇಲಿಯಾದ ಎದುರು ಮೂರು ಟೆಸ್ಟ್ ಸಿಕ್ಕವು. 26, 0, 23, 5. ಅಲ್ಲಿಗೆ ಮುಗಿಯಿತು. 2018ರಲ್ಲಿ ಇಂಗ್ಲೆಂಡಿಗೆ ಕರೆದುಕೊಂಡು ಹೋಗಿ ಐದು ಟೆಸ್ಟಿನಲ್ಲೂ ಕೂರಿಸಿದರು. ಕೊನೆಯ ಟೆಸ್ಟಿನಲ್ಲಿ ಜಾಗ ಖಾಲಿಯಾದಾಗ, ಮೊದಲಿನಿಂದ ತಂಡದೊಡನೆ ಇದ್ದ ಇವನನ್ನು ಬಿಟ್ಟು, ನಡುವೆ ಕರೆಸಿಕೊಂಡ ಹನುಮ ವಿಹಾರಿಗೆ ಕೊಟ್ಟರು. ವಿಹಾರಿ 56 ಹೊಡೆದ, ಅವನ ತಪ್ಪೇನೂ ಇಲ್ಲ. ನಾವು ಕೇಳುವುದು ಇಷ್ಟೆ: ಒಬ್ಬನ ಎರಡು ವರ್ಷವನ್ನು 303 ಅಳಿಸಬಾರದಾದರೆ, 303ನ್ನು ನಾಲ್ಕು ಇನ್ನಿಂಗ್ಸು ಅಳಿಸಬಹುದೆ?

ಆಮೇಲೆ ಅವನಿಗೆ ಕರ್ನಾಟಕ ತಂಡದಲ್ಲೂ ಜಾಗ ಹೋಯಿತು. ವಿದರ್ಭಕ್ಕೆ ಹೋದ. 2024-25ರ ರಣಜಿಯಲ್ಲಿ 863 ರನ್, ಫೈನಲ್ಲಿನಲ್ಲಿ 86 ಮತ್ತು 135, ವಿದರ್ಭಕ್ಕೆ ಕಪ್ಪು. ಎಂಟು ವರ್ಷದ ಮೇಲೆ ಮತ್ತೆ ಟೆಸ್ಟು, ಅದೂ ಇಂಗ್ಲೆಂಡಿನಲ್ಲಿ, ಅದೂ 33ರ ವಯಸ್ಸಿನಲ್ಲಿ. 0, 20, 31, 26, 40, 14, 57, 17. ಎಂಟು ಇನ್ನಿಂಗ್ಸಿಗೆ 205. ಸೊನ್ನೆ ಒಂದು ಬಿಟ್ಟರೆ ಎಲ್ಲದರಲ್ಲೂ ಎರಡಂಕಿ ಮುಟ್ಟಿದ, ಒಂದನ್ನೂ ನೂರಕ್ಕೆ ಒಯ್ಯಲಿಲ್ಲ. ನಮ್ಮೊಳಗೇ ಈ ಬಗ್ಗೆ ಒಮ್ಮತವಿಲ್ಲ, ಆದರೂ ಹೇಳಿಬಿಡುತ್ತೇವೆ. 2025ರಲ್ಲಿ ಕರುಣನಿಗೆ ಅನ್ಯಾಯವಾಗಲಿಲ್ಲ. ಅನ್ಯಾಯ ಆದದ್ದು 2017 ಮತ್ತು 2018ರಲ್ಲಿ. ಇಪ್ಪತ್ತೈದು ವರ್ಷದವನಿಗೆ ಕೊಡಬೇಕಾಗಿದ್ದನ್ನು ಮೂವತ್ತಮೂರು ವರ್ಷದವನಿಗೆ ಕೊಟ್ಟು, ನೋಡಿ ಕೊಟ್ಟೆವಲ್ಲ ಅಂದರೆ ಸಾಲ ತೀರುವುದಿಲ್ಲ.

ಇನ್ನೊಂದು ಲೆಕ್ಕ ಪಕ್ಕದಲ್ಲಿಟ್ಟು ನೋಡಿ. ಆ ಪ್ರವಾಸಕ್ಕೆ ಆರು ತಿಂಗಳ ಹಿಂದೆ ಆಸ್ಟ್ರೇಲಿಯಾದಲ್ಲಿ ಕೊಹ್ಲಿ ಐದು ಟೆಸ್ಟ್ ಆಡಿ 190 ರನ್ ಮಾಡಿದ್ದ. ಅದರಲ್ಲಿ ಪರ್ತಿನ ಔಟಾಗದ ನೂರು ಸೇರಿದೆ. ರೋಹಿತ್ ಶರ್ಮ ಮೂರು ಟೆಸ್ಟಿನಲ್ಲಿ 31 ರನ್. ಮೂವತ್ತೊಂದೇ, ತಪ್ಪಾಗಿ ಅಚ್ಚಾಗಿಲ್ಲ. ಸರಾಸರಿ ನೋಡಿದರೆ ಇಂಗ್ಲೆಂಡಿನ ಕರುಣ್ ಈ ಇಬ್ಬರಿಗಿಂತ ಮೇಲು. ಆದರೆ ಅವರನ್ನು ಯಾವ ಸೆಲೆಕ್ಟರೂ ಕೈಬಿಟ್ಟೆವು ಎಂದು ಹೇಳಲಿಲ್ಲ. ರೋಹಿತ್ ಸಿಡ್ನಿ ಟೆಸ್ಟಿನಿಂದ ತಾನೇ ಹೊರಗುಳಿದ. 2025ರ ಮೇ ತಿಂಗಳಲ್ಲಿ ಇಬ್ಬರೂ ತಾವಾಗಿ ಟೆಸ್ಟಿಗೆ ವಿದಾಯ ಹೇಳಿದರು. ದೊಡ್ಡವರು ಸೋತರೆ ಅದಕ್ಕೆ ಫಾರಂ ಇಲ್ಲ ಅಂತ ಹೆಸರು. ಸಣ್ಣವನು ಸೋತರೆ ಯೋಗ್ಯತೆ ಇಲ್ಲ ಅಂತ.

ಹಾಗೆಂದು ದೊಡ್ಡವರನ್ನು ಎರಡು ಸೋಲಿಗೆ ಕಿತ್ತೆಸೆಯಿರಿ ಅಂತ ನಾವು ಹೇಳುತ್ತಿಲ್ಲ. ಕೊಹ್ಲಿಯ 9230 ಟೆಸ್ಟ್ ರನ್ ಆಕಾಶದಿಂದ ಉದುರಿದ್ದಲ್ಲ. ಅದು ಅವನ ಠೇವಣಿ. ಕಷ್ಟಕಾಲದಲ್ಲಿ ಠೇವಣಿಯಿಂದ ತೆಗೆದು ಉಣ್ಣುವುದು ತಪ್ಪಲ್ಲ. ಮತ್ತೆ, ಕಾಯುವುದರಿಂದ ಫಲ ಸಿಗುತ್ತದೆ ಎಂಬುದಕ್ಕೆ ಸಾಕ್ಷಿ ಬೇಕಾದಷ್ಟಿದೆ. ಶುಭಮನ್ ಗಿಲ್ 2023ರಿಂದ 2024ರ ಆರಂಭದವರೆಗೆ ಹತ್ತಕ್ಕೂ ಹೆಚ್ಚು ಇನ್ನಿಂಗ್ಸಿನಲ್ಲಿ ಐವತ್ತು ಮುಟ್ಟಲಿಲ್ಲ. ಕಾದರು. ವಿಶಾಖಪಟ್ಟಣದಲ್ಲಿ 104 ಹೊಡೆದ. 2025ರಲ್ಲಿ ನಾಯಕನಾಗಿ ಇಂಗ್ಲೆಂಡಿನಲ್ಲಿ ಐದು ಟೆಸ್ಟಿಗೆ 754. ನಮ್ಮ ರಾಹುಲನಿಗೂ ಹಾಗೆಯೇ ವರ್ಷಗಟ್ಟಲೆ ಕಾದರು. ಅದೇ ಇಂಗ್ಲೆಂಡಿನಲ್ಲಿ ಅವನು 532 ಕೊಟ್ಟ. ಅವನ ಸೆಂಚುರಿಗೆ ಪಟಾಕಿ ಹೊಡೆದ ಬೆಂಗಳೂರಿನವರಿಗೆ ಅವನು ಎಷ್ಟು ಸಲ ಸೋತಿದ್ದ ಅನ್ನೋದು ನೆನಪಿರಲಿಕ್ಕಿಲ್ಲ.

ಇನ್ನೂ ಹಿಂದಕ್ಕೆ ಹೋಗಿ. 1969ರ ನವೆಂಬರ್, ಕಾನ್ಪುರ, ಆಸ್ಟ್ರೇಲಿಯಾದ ಎದುರು ಭದ್ರಾವತಿಯ ಗುಂಡಪ್ಪ ವಿಶ್ವನಾಥನ ಮೊದಲ ಟೆಸ್ಟು. ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ. ಈಗಿನ ಕಾಲದಲ್ಲಾಗಿದ್ದರೆ ಆ ಸಂಜೆಯೇ ನಮ್ಮ ಹಾಸ್ಟೆಲಿನಲ್ಲಿ ಅವನ ತಿಥಿಯೂಟ ಆಗಿರುತ್ತಿತ್ತು. ಎರಡನೆಯ ಇನ್ನಿಂಗ್ಸಿನಲ್ಲಿ 137. ಸೊನ್ನೆ ಹೊಡೆದವನೂ ನೂರಾ ಮೂವತ್ತೇಳು ಹೊಡೆದವನೂ ಒಬ್ಬನೇ, ನಡುವೆ ಇದ್ದದ್ದು ಒಂದೆರಡು ದಿನ. ವಿಶಿಗೆ ಆ ಎರಡನೆಯ ಇನ್ನಿಂಗ್ಸು ಸಿಕ್ಕಿತು ಅನ್ನುವುದೇ ಎಲ್ಲ.

ಈಗ ಸರ್ಫರಾಜ್ ಖಾನ್ ವಿಚಾರ. ಇಲ್ಲಿ ನಮಗೆ ಎರಡು ಅಭಿಪ್ರಾಯವಿಲ್ಲ. 2019-20ರ ರಣಜಿಯಲ್ಲಿ 928, 2021-22ರಲ್ಲಿ 982. ಆದರೂ ಟೆಸ್ಟಿನ ಬಾಗಿಲು ತೆರೆದದ್ದು 2024ರ ಫೆಬ್ರವರಿಯಲ್ಲಿ, ರಾಜಕೋಟೆಯಲ್ಲಿ. ಅಲ್ಲಿ 62 ಮತ್ತು ಔಟಾಗದೆ 68. ಅದೇ ಅಕ್ಟೋಬರಿನಲ್ಲಿ ನಮ್ಮ ಚಿನ್ನಸ್ವಾಮಿಯಲ್ಲಿ ನ್ಯೂಜಿಲೆಂಡಿನ ಎದುರು ಇಡೀ ತಂಡ 46ಕ್ಕೆ ಮಲಗಿತಲ್ಲ, ಆ ಟೆಸ್ಟಿನ ಎರಡನೆಯ ಇನ್ನಿಂಗ್ಸಿನಲ್ಲಿ 150 ಹೊಡೆದವನು ಇವನೇ. ಆಮೇಲೆ ನಾಲ್ಕು ಇನ್ನಿಂಗ್ಸು ಕೆಟ್ಟವು: 11, 9, 0, 1. ಆಸ್ಟ್ರೇಲಿಯಾಕ್ಕೆ ಕರೆದುಕೊಂಡು ಹೋದರು, ಒಂದು ಟೆಸ್ಟೂ ಆಡಿಸಲಿಲ್ಲ. 2025ರ ಇಂಗ್ಲೆಂಡ್ ಟೆಸ್ಟುಗಳಿಗೆ ಹೆಸರೇ ಇಲ್ಲ. ಪುಟಿದೆದ್ದು ಬರುವ ಚೆಂಡನ್ನು ಇವನು ಆಡುತ್ತಾನೋ ಇಲ್ಲವೋ ಎಂಬ ಅನುಮಾನವಂತೆ. ಅನುಮಾನ ಇರಬಹುದು. ಪರೀಕ್ಷೆಯನ್ನೇ ಕೊಡದೆ ಫೇಲು ಮಾಡುವುದು ಯಾವ ಯೂನಿವರ್ಸಿಟಿ ಪದ್ಧತಿ? ಮೇಲಾಗಿ ಅವನ ಮೈಯ ಮಾತು. ದಪ್ಪ ಇದ್ದಾನೆ, ಓಡಲ್ಲ ಅಂತ. ನೂರೈವತ್ತು ರನ್ನನ್ನು ಅವನ ಬದಲು ಯಾರು ಓಡಿದರೋ ಕೇಳಬೇಕು.

ಬಂಗಾಳದ ಅಭಿಮನ್ಯು ಈಶ್ವರನ್ ಕಥೆ ಇನ್ನೂ ವಿಚಿತ್ರ. ಮೊದಲ ದರ್ಜೆಯ ಆಟದಲ್ಲಿ ಏಳು ಸಾವಿರಕ್ಕೂ ಮೀರಿದ ರನ್ ಇಟ್ಟುಕೊಂಡು ಆಸ್ಟ್ರೇಲಿಯಾದಲ್ಲಿ ಐದು ಟೆಸ್ಟು, ಇಂಗ್ಲೆಂಡಿನಲ್ಲಿ ಐದು ಟೆಸ್ಟು ಬೆಂಚಿನ ಮೇಲೆ ಕೂತ. ಆಮೇಲೆ ಪಟ್ಟಿಯಿಂದಲೂ ಹೋದ. ಸಾಯಿ ಸುದರ್ಶನ್ ಮೊದಲ ದರ್ಜೆಯ ಸರಾಸರಿ ನಲವತ್ತನ್ನು ಮುಟ್ಟುವ ಮೊದಲೇ, ಐಪಿಎಲ್ಲಿನಲ್ಲಿ 759 ರನ್ ಹೊಡೆದ ವರ್ಷ, ಟೆಸ್ಟಿಗೆ ಬಂದ. ಸುದರ್ಶನನನ್ನು ನಾವು ದೂರುವುದಿಲ್ಲ. ಅವನಿಗೆ ಕಾದರು, ದೆಹಲಿಯಲ್ಲಿ ವೆಸ್ಟ್ ಇಂಡೀಸ್ ಎದುರು 87 ಹೊಡೆದು ತೋರಿಸಿದ. ಆದರೆ ರಾತ್ರಿ ಲೈಟಿನಲ್ಲಿ ಹೊಡೆದ ರನ್ನು ಟೀವಿಯಲ್ಲಿ ಎಲ್ಲರಿಗೂ ಕಾಣುತ್ತದೆ. ಖಾಲಿ ಮೈದಾನದಲ್ಲಿ ಬಿಸಿಲಿಗೆ ಬೆಂದು ಹೊಡೆದ ರನ್ನನ್ನು ಸ್ಕೋರರು ಬರೆದುಕೊಳ್ಳುತ್ತಾನೆ, ಅಷ್ಟೆ. ರಣಜಿ ರನ್ನಿಗೆ ಬೆಲೆ ಇಲ್ಲವೆಂದರೆ ಬಾಯಿಬಿಟ್ಟು ಹೇಳಿಬಿಡಲಿ, ಹುಡುಗರು ಬೇರೆ ಕೆಲಸ ನೋಡಿಕೊಳ್ಳುತ್ತಾರೆ.

ಸೆಲೆಕ್ಟರ ಕಷ್ಟವೂ ನಮಗೆ ಗೊತ್ತು. ಆಡುವವರು ಹನ್ನೊಂದೇ ಜನ. ರಣಜಿಯ ಬೌಲಿಂಗು ಬೇರೆ, ಟೆಸ್ಟಿನ ಬೌಲಿಂಗು ಬೇರೆ. ಎಲ್ಲರಿಗೂ ಸರದಿ ಕೊಡಲಿಕ್ಕೆ ಇದು ರೇಷನ್ ಅಂಗಡಿಯಲ್ಲ, ಗೆಲ್ಲಬೇಕು. ಸರಿ. ನಾವು ಕೇಳುತ್ತಿರುವುದು ಎಲ್ಲರಿಗೂ ಜಾಗ ಅಲ್ಲ. ಆರಿಸಿದವನಿಗೆ ಇಷ್ಟು ಇನ್ನಿಂಗ್ಸು ಎಂದು ಮೊದಲೇ ಹೇಳಿ. ಅದು ಆರೋ ಎಂಟೋ ಹತ್ತೋ ನೀವೇ ತೀರ್ಮಾನಿಸಿ. ಅಷ್ಟು ಮುಗಿಯುವ ತನಕ ಮುಟ್ಟಬೇಡಿ. ಮುಗಿದ ಮೇಲೆ ತೆಗೆದರೆ ಯಾಕೆ ಅಂತ ಅವನ ಮುಖ ನೋಡಿ ಹೇಳಿ. ದೊಡ್ಡ ಹೆಸರಿನವನಿಗೆ ಬೇಕಾದರೆ ಎರಡರಷ್ಟು ಕೊಡಿ, ಆದರೆ ಅದಕ್ಕೂ ಒಂದು ಲೆಕ್ಕ ಇರಲಿ. ನಾಳೆ ಏನೋ ಎಂದು ಹೆದರಿಕೊಂಡು ಕ್ರೀಸಿಗೆ ಹೋಗುವವನು ಚೆಂಡು ನೋಡುವುದಿಲ್ಲ, ಪೆವಿಲಿಯನ್ ನೋಡುತ್ತಾನೆ.

‘ಸಾಬೀತು ಮಾಡು’ ಎಂಬ ಮಾತು ನಮಗೆ ಹೊಸದಲ್ಲ. ಪಲವಂಕರ ಬಾಲೂ ಹೆಸರು ನಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? 1876ರಲ್ಲಿ ನಮ್ಮ ಧಾರವಾಡದಲ್ಲಿ, ಚಮ್ಮಾರರ ಮನೆಯಲ್ಲಿ ಹುಟ್ಟಿದವನು. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿಗೆ ಪಿಚ್ಚು ನೋಡಿಕೊಳ್ಳುತ್ತಾ, ನೆಟ್ಟಿನಲ್ಲಿ ದೊರೆಗಳಿಗೆ ಗಂಟೆಗಟ್ಟಲೆ ಎಡಗೈಯಲ್ಲಿ ಬೌಲ್ ಮಾಡುತ್ತಾ ಕಲಿತ. ಬ್ಯಾಟು ಮಾತ್ರ ಅವನ ಕೈಗೆ ಕೊಡುತ್ತಿರಲಿಲ್ಲ. ಪುಣೆಯ ಹಿಂದೂಗಳು ಅವನ ವಿಕೆಟ್ಟಿಗಾಗಿ ತಂಡಕ್ಕೆ ಸೇರಿಸಿಕೊಂಡರು. ಅವನು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಟೀ ಮಾತ್ರ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದು ಬಂದ. ಇನ್ನೇನು ಸಾಬೀತು ಬೇಕು? ಆದರೂ ಹಿಂದೂ ತಂಡದ ನಾಯಕತ್ವ ಅವನಿಗೆ ಕೊನೆಯವರೆಗೂ ಬರಲಿಲ್ಲ. 1923ರಲ್ಲಿ ತಮ್ಮ ವಿಠ್ಠಲನಿಗೆ ಬಂತು. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ, ಆಗ ಬಾಲೂಗೆ ವಯಸ್ಸು ಮೀರಿತ್ತು.

ಕರುಣನದೂ ಸರ್ಫರಾಜನದೂ ಬಾಲೂ ಕಥೆ ಅಂತ ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ಬಾಲೂಗೆ ಅವಮಾನ. ಅಳತೆಗೋಲು ಅಳೆಯುವವನ ಕೈಯಲ್ಲಿ ಉದ್ದ ಗಿಡ್ಡ ಆಗುತ್ತದೆ ಎಂಬುದನ್ನು ನಾವು ಅವನಿಂದ ಕಲಿತವರು. ಅಷ್ಟೆ.

ಕಲಿತವರು ಅಂದೆವು. ನಿಜವಾಗಿ ಕಲಿತಿದ್ದೇವೆಯೇ? ಈ ಲೇಖನಕ್ಕೆ ಕೂತಾಗ ನಮ್ಮ ಹಾಸ್ಟೆಲ್ ತಂಡದ ಸ್ಕೋರ್ ಪುಸ್ತಕವನ್ನೂ ತೆಗೆದು ನೋಡಿದೆವು. ನೋಡಬಾರದಿತ್ತು. ಬ್ಯಾಟು ಯಾರದೋ ಅವನೇ ಓಪನಿಂಗು ಎಂಬುದು ನಮ್ಮಲ್ಲಿ ಮೊದಲಿನಿಂದ ನಡೆದು ಬಂದದ್ದು. ಆ ಮಿತ್ರರು ಆರು ಮ್ಯಾಚಿನಲ್ಲಿ 19 ರನ್ ಮಾಡಿದ್ದಾರೆ. ಅವರನ್ನು ಕೂರಿಸುವ ಮಾತು ಯಾರೂ ಎತ್ತಿಲ್ಲ. ಫಸ್ಟ್ ಪಿಯುಸಿಯ ಹುಡುಗನೊಬ್ಬ ಬಂದಿದ್ದ, ಎಡಗೈ ಬೌಲರು. ಊರಿನ ಕೆರೆಯಂಗಳದಲ್ಲಿ ರಬ್ಬರ್ ಚೆಂಡಿನಲ್ಲಿ ಕಲಿತವನು, ಲೆದರ್ ಚೆಂಡು ಹಿಡಿದದ್ದೇ ನಮ್ಮ ಮ್ಯಾಚಿನಲ್ಲಿ. ಮೊದಲ ಓವರಿಗೆ 14 ಹೋಯಿತು. ಚೆಂಡು ಕಿತ್ತುಕೊಂಡೆವು. ಆಮೇಲೆ ಉಳಿದ ಮ್ಯಾಚುಗಳಲ್ಲಿ ಅವನು ಬೌಂಡರಿ ಕಾದ, ನೀರಿನ ಕೊಡ ಹೊತ್ತ. ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಆ ಒಂದೇ ಓವರು. ಅಜಿತ್ ಅಗರ್ಕರ್ ಅವರ ಸಮಿತಿಗೆ ಬೈಯುವ ನಾವು ಐದು ಜನ ಕೂತು ಮಾಡಿದ ಸೆಲೆಕ್ಷನ್ ಇದು.

ಈಗ ಅವನು ಭಾನುವಾರ ಮೈದಾನಕ್ಕೆ ಬರುವುದಿಲ್ಲ. ನಲ್ಲಿ ಹತ್ತಿರ ಬಟ್ಟೆ ಒಗೆಯುತ್ತಾ ಕೂತಿರುತ್ತಾನೆ. ಹೋಗಿ ಕರೆದೆವು. ತಲೆ ಎತ್ತಲಿಲ್ಲ. ಬಟ್ಟೆ ಹಿಂಡುತ್ತಲೇ ಕೇಳಿದ, “ಎಷ್ಟು ಓವರ್ ಕೊಡ್ತೀರಣ್ಣ, ಮೊದ್ಲೇ ಹೇಳಿ.”

ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮೂರು ಮ್ಯಾಚಿಗೆ ಹನ್ನೆರಡು ಓವರ್ ಅಂದೆವು.

“ಬಾಯಲ್ಲಿ ಬ್ಯಾಡಣ್ಣ. ಬೋರ್ಡಲ್ಲಿ ಬರೆದಾಕಿ” ಅಂದ.

ಬರೆದು ಹಾಕಿದ್ದೇವೆ. ಊಟದ ಹಾಲಿನ ಬಾಗಿಲ ಪಕ್ಕದ ಬೋರ್ಡಿನಲ್ಲಿದೆ. ಅದರ ಕೆಳಗೆ ಓಪನಿಂಗ್ ಮಿತ್ರರಿಗೂ ನಾಲ್ಕು ಇನ್ನಿಂಗ್ಸು ಅಂತ ಬರೆದಿದ್ದೇವೆ. ಬ್ಯಾಟು ವಾಪಸ್ ತಗೊಂಡು ಹೋಗ್ತೀನಿ ಅಂತ ಅವರು ಹೇಳಿಕಳಿಸಿದ್ದಾರೆ. ಯಾರ ಹತ್ತಿರವಾದರೂ ಹಳೆಯ ಬ್ಯಾಟು ಇದ್ದರೆ ತಿಳಿಸಿ.